ಹಳೆ ಮಾರುತಿಯ ಫಾಗ್ ಲೈಟ್ ಸ್ವಿಚ್: ಒಳಗಿನ ಸಣ್ಣ ದೀಪ ಉರಿಯದಿದ್ದರೆ

ನಮ್ಮದು 1997ರ ಮಾರುತಿ 800. ಕಾರ್ಬುರೇಟರ್ ಗಾಡಿ. ಸಕಲೇಶಪುರದ ಕಡೆ ಮಳೆ ಹಿಡಿದರೆ ಬೆಳಗ್ಗೆ ಹತ್ತು ಗಂಟೆಗೂ ಮಂಜು ಕರಗುವುದಿಲ್ಲ. ಹಾಗಾಗಿ ಫಾಗ್ ಲೈಟ್ ಹಾಕಿಸಿದ್ದೇವೆ, ಅದರ ಸ್ವಿಚ್ ಸ್ಟಿಯರಿಂಗ್ ಕೆಳಗಿದೆ. ಸ್ವಿಚ್ ಒತ್ತಿದಾಗ ಅದರೊಳಗೆ ಒಂದು ಸಣ್ಣ ದೀಪ ಉರಿಯಬೇಕು. ಹಳೆ ಗಾಡಿಗಳಲ್ಲಿ ಮೊದಲು ಕೈಕೊಡುವುದು ಈ ದೀಪವೇ.

ಮುಂದಿನ ಲೈಟು ಉರಿಯುತ್ತದಲ್ಲ, ಇದು ಹೋದರೆ ಏನಂತೆ ಎಂದು ಸುಮಾರು ಜನ ಬಿಟ್ಟುಬಿಡುತ್ತಾರೆ. ನಾನು ಬಿಡುವುದಿಲ್ಲ. 55 ವ್ಯಾಟಿನ ಎರಡು ಬಲ್ಬು ಸೇರಿ 9 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತವೆ. 800ಕ್ಕೆ ಹಾಕುವ 35 ಆಂಪಿಯರ್-ಅವರ್ ಬ್ಯಾಟರಿ ಅದಕ್ಕೆ ನಾಲ್ಕು ಗಂಟೆಯೂ ತಾಳುವುದಿಲ್ಲ. ಹಗಲು ಮಂಜು ಸರಿದ ಮೇಲೆ ಫಾಗ್ ಲೈಟ್ ಉರಿಯುತ್ತಿರುವುದು ಒಳಗೆ ಕೂತವರಿಗೆ ಕಾಣುವುದಿಲ್ಲ. ಹೇಳಬೇಕಾದ್ದು ಆ ಸಣ್ಣ ದೀಪವೇ.

ದೀಪ ಉರಿಯಲಿಲ್ಲ ಎಂದ ತಕ್ಷಣ ಹೊಸ ಸ್ವಿಚ್ ತರಬೇಡಿ. ಮೊದಲು ಲೈಟು ಹಾಕಿ ಹತ್ತು ನಿಮಿಷ ಬಿಟ್ಟು ಸ್ವಿಚ್ಚಿನ ಮೇಲೆ ಬೆರಳಿಡಿ. ಬಿಸಿ ತಾಗಿದರೆ ದೀಪದ ವಿಚಾರ ಆಮೇಲೆ. ಯಾರೋ ರಿಲೇ (ಒಳಗಿನ ಕಾಯಿಲ್‌ಗೆ ಸಣ್ಣ ಕರೆಂಟ್ ಕೊಟ್ಟರೆ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಡಬ್ಬಿ) ಇಲ್ಲದೆ ಅಷ್ಟೂ ಕರೆಂಟನ್ನು ಸ್ವಿಚ್ಚಿನ ಮೂಲಕವೇ ಓಡಿಸಿರುವ ಸಾಧ್ಯತೆ ಇದೆ. ಕಾಂಟ್ಯಾಕ್ಟ್ ಕಾದು, ಪ್ಲಾಸ್ಟಿಕ್ ಕರಗಿ, ಒಳಗಿನ ದೀಪವೂ ಸಾಯುತ್ತದೆ. ಹೊಸ ದೀಪ ಹಾಕಿದರೆ ಅದಕ್ಕೂ ಅದೇ ಗತಿ. ನಾಲ್ಕು ಕಾಲಿನ ಒಂದು ರಿಲೇ ಹಾಕಿಸಿ: 30, 87 ನಂಬರಿನ ಕಾಲು ಲೈಟಿನ ಲೈನಿಗೆ, 85, 86 ನಂಬರಿನವು ಕಾಯಿಲ್‌ಗೆ. ಆಮೇಲೆ ಸ್ವಿಚ್ಚಿನಲ್ಲಿ ಹರಿಯುವುದು ಕಾಯಿಲ್ ಎಳೆಯುವ ಅಲ್ಪ ಕರೆಂಟ್ ಮಾತ್ರ. ಬ್ಯಾಟರಿಯಿಂದ ಬರುವ ವೈರಿಗೆ, ಬ್ಯಾಟರಿ ಹತ್ತಿರವೇ, 15 ಆಂಪಿಯರ್ ಫ್ಯೂಸ್ ಇರಲೇಬೇಕು.

ಸ್ವಿಚ್ ತಣ್ಣಗಿದ್ದರೆ ಮುಂದಕ್ಕೆ ಹೋಗೋಣ. ಅಂಗಡಿಯಲ್ಲಿ ಸಿಗುವ ದೀಪದ ಸ್ವಿಚ್ಚಿಗೆ ಸಾಮಾನ್ಯವಾಗಿ ಹಿಂದೆ ಮೂರು ಪಿನ್ ಇರುತ್ತವೆ. ಒಂದಕ್ಕೆ ಸಪ್ಲೈ ಬರುತ್ತದೆ. ಇನ್ನೊಂದರಿಂದ ರಿಲೇಗೆ ಹೋಗುತ್ತದೆ. ಮೂರನೆಯದು ಅರ್ತ್, ಅಂದರೆ ಗಾಡಿಯ ಬಾಡಿಗೆ ಕಟ್ಟುವ ನೆಗೆಟಿವ್ ಲೈನು. ಈ ಅರ್ತ್ ಪಿನ್ ಇರುವುದು ಒಳಗಿನ ದೀಪಕ್ಕೆ ಮಾತ್ರ. ಅದು ಕಳಚಿದರೂ ಫಾಗ್ ಲೈಟ್ ಚೆನ್ನಾಗಿಯೇ ಉರಿಯುತ್ತದೆ, ಸಣ್ಣ ದೀಪ ಮಾತ್ರ ಸತ್ತಂತೆ ಇರುತ್ತದೆ. ಬಲ್ಬ್ ಹೋಗಿದೆ ಎಂದುಕೊಂಡು ಬಿಸಾಡುವ ಸ್ವಿಚ್ಚುಗಳಲ್ಲಿ ಒಳ್ಳೆಯವೂ ಇರುತ್ತವೆ ಎಂದು ನಾನು ಹೇಳುವುದು ಇದಕ್ಕೇ.

ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಸ್ವಿಚ್ ಆನ್ ಮಾಡಿ. ಕಪ್ಪು ಕಡ್ಡಿಯನ್ನು ಬಣ್ಣವಿಲ್ಲದ ಬಾಡಿ ಲೋಹಕ್ಕೆ ಒತ್ತಿ, ಕೆಂಪನ್ನು ರಿಲೇಗೆ ಹೋಗುವ ಪಿನ್ನಿಗೆ ತಾಗಿಸಿ. 12 ವೋಲ್ಟಿನ ಆಸುಪಾಸು ಬರಬೇಕು, ಎಂಜಿನ್ ಓಡುತ್ತಿದ್ದರೆ 14ರ ಹತ್ತಿರ. ಈಗ ಕಪ್ಪನ್ನು ಬಾಡಿಯಿಂದ ತೆಗೆದು ಸ್ವಿಚ್ಚಿನ ಅರ್ತ್ ಪಿನ್ನಿಗೇ ಇಡಿ. ಅಲ್ಲೂ ಅಷ್ಟೇ ವೋಲ್ಟ್ ಬಂದು ದೀಪ ಉರಿಯದಿದ್ದರೆ ಬಲ್ಬ್ ಹೋಗಿದೆ. ಅಲ್ಲಿ ವೋಲ್ಟ್ ಇಲ್ಲವೆಂದರೆ ಅರ್ತ್ ವೈರ್ ಕೆಟ್ಟಿದೆ. 10 ವೋಲ್ಟ್ ಹೀಗೆ ಕಡಿಮೆ ತೋರಿಸಿದರೆ ಎಲ್ಲೋ ವೈರ್ ಜೋಡಿಸುವ ಕಪ್ಲರಿನಲ್ಲಿ ಕಿಲುಬು ಹಿಡಿದಿದೆ.

ಇನ್ನೊಂದು ವಿಚಿತ್ರ ಕೇಸು ಇದೆ. ಸ್ವಿಚ್ ಆಫ್ ಇದ್ದಾಗ ದೀಪ ಮಂಕಾಗಿ ಉರಿಯುತ್ತದೆ, ಆನ್ ಮಾಡಿದರೆ ಆರುತ್ತದೆ. ರಿಲೇಯ ಕಾಯಿಲ್‌ಗೆ ನೇರ ಸಪ್ಲೈ ಕೊಟ್ಟು, ಸ್ವಿಚ್ಚನ್ನು ಅರ್ತ್ ಕಡೆಗೆ ಹಾಕಿದರೆ ಹೀಗಾಗುತ್ತದೆ. ಬಲ್ಬ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ಸ್ವಿಚ್ಚನ್ನು ಸಪ್ಲೈ ಕಡೆಗೆ ತರಬೇಕು, ಅಷ್ಟೇ.

ರಿಪೇರಿಗೆ ಕೈಹಾಕುವ ಮೊದಲು ಹತ್ತರ ಸ್ಪ್ಯಾನರಿನಿಂದ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಇಕ್ಕಟ್ಟಿನಲ್ಲಿ ಸಪ್ಲೈ ಪಿನ್ ಬಾಡಿಗೆ ತಗುಲಿದರೆ ವೈರ್ ಸುಡುತ್ತದೆ.

ನಮ್ಮ ಮಲೆನಾಡಿನ ಗಾಡಿಗಳಲ್ಲಿ ಅರ್ತ್ ಕೆಟ್ಟಿದೆ ಎಂದರೆ ಅರ್ಧ ಕಾರಣ ತೇವ. ಅರ್ತ್ ವೈರಿನ ತುದಿಯಲ್ಲಿ ಬೋಲ್ಟಿಗೆ ಕೂರುವ ಲೋಹದ ತುಂಡು, ಅಂದರೆ ಲಗ್, ಬಿಚ್ಚಿ ನೋಡಿ, ಹಸಿರು ಕಿಲುಬು ಕಾಣುತ್ತದೆ. ಉಪ್ಪುಕಾಗದದಿಂದ ತಾಮ್ರ ಹೊಳೆಯುವವರೆಗೆ ಉಜ್ಜಿ. ಬೋಲ್ಟ್ ಕೂರುವ ಜಾಗದ ಬಣ್ಣವನ್ನೂ ಕೆರೆಯಿರಿ. ವೈರಿನ ತುದಿ ಒಳಗಿನವರೆಗೆ ಕಪ್ಪಾಗಿದ್ದರೆ ಅಷ್ಟನ್ನು ಕತ್ತರಿಸಿ ಹೊಸ ಲಗ್ ಒತ್ತಿಸಿ. ಬಿಗಿ ಮಾಡಿದ ಮೇಲೆ ಮೇಲಿಂದ ಸ್ವಲ್ಪ ವ್ಯಾಸಲೀನ್ ಸವರಿ, ತೇವ ಒಳಗೆ ಹೋಗುವುದಿಲ್ಲ. ಪ್ಲಾಸ್ಟಿಕ್ಕಿಗೆ ಕೂತ ಸ್ಕ್ರೂಗೆ ಮಾತ್ರ ಅರ್ತ್ ಕಟ್ಟಬೇಡಿ.

ಬಲ್ಬೇ ಹೋಗಿದ್ದರೆ ಸ್ವಿಚ್ಚನ್ನು ಹೊರಗೆ ತೆಗೆಯಬೇಕು. ಚಳಿಯಲ್ಲಿ ಹಳೆ ಪ್ಲಾಸ್ಟಿಕ್ ಪಟ್ ಎಂದು ಮುರಿಯುತ್ತದೆ. ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ, ಆಮೇಲೆ ಹಿಂದಿನಿಂದ ಎರಡೂ ಕಿವಿ ಒತ್ತಿ ಮುಂದಕ್ಕೆ ತಳ್ಳಿ. ಯಾವ ಬಣ್ಣದ ವೈರ್ ಯಾವ ಪಿನ್ನಿಗೆ ಎಂದು ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ.

ಕಂಪನಿಯಿಂದಲೇ ಬಂದ ಸ್ವಿಚ್ಚುಗಳಲ್ಲಿ ಹಿಂದೆ ತಿರುಗಿಸಿ ತೆಗೆಯುವ ಹೋಲ್ಡರ್ ಇದ್ದರೆ ಕೆಲಸ ಸುಲಭ. ಹಳೇ ಬಲ್ಬನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ಅಂಗಡಿಯಿಂದ ತಂದು ಹಾಕಿದ ಸ್ವಿಚ್ಚಾದರೆ ಮೇಲಿನ ಗುಂಡಿಯನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಎಬ್ಬಿಸಬೇಕು. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಒಳಗೊಂದು ಸ್ಪ್ರಿಂಗ್ ಇರುತ್ತದೆ, ಹಾರಿಹೋದರೆ ಸ್ವಿಚ್ಚೇ ಹೋಯಿತು. ಒಳಗೆ ಅಕ್ಕಿಕಾಳಿನಷ್ಟು ಬಲ್ಬ್, ಎರಡು ತಂತಿಕಾಲು.

ಅದರ ಜಾಗಕ್ಕೆ ನಾನು 3 ಮಿಲಿಮೀಟರಿನ ಎಲ್‌ಇಡಿ ಹಾಕುತ್ತೇನೆ. ಜೊತೆಗೆ ಸಾಲಿನಲ್ಲಿ ರೆಸಿಸ್ಟರ್ ಕಡ್ಡಾಯ. 14 ವೋಲ್ಟಿನಲ್ಲಿ ಎಲ್‌ಇಡಿಗೆ 2 ಹೋದರೆ ಉಳಿದ 12ನ್ನು ರೆಸಿಸ್ಟರ್ ತಡೆಯಬೇಕು. 1 ಕಿಲೋ ಓಮ್ ಹಾಕಿದರೆ 12 ಮಿಲಿ ಆಂಪಿಯರ್ ಹರಿಯುತ್ತದೆ. ಹಗಲಿಗೆ ಅದು ಚೆನ್ನ, ರಾತ್ರಿಗೆ ಜಾಸ್ತಿ. ಶಿರಾಡಿ ಘಾಟಿಯಲ್ಲಿ ಮಂಜು ಕವಿದಾಗ ಒಳಗಿನ ಸಣ್ಣ ಬೆಳಕೂ ಗಾಜಿನಲ್ಲಿ ಪ್ರತಿಫಲಿಸಿ ಕಣ್ಣಿಗೆ ಅಡ್ಡ ಬರುತ್ತದೆ. ಅದಕ್ಕೆ ನನ್ನ ಆಯ್ಕೆ 4.7 ಕಿಲೋ ಓಮ್, ಹಳದಿ ಎಲ್‌ಇಡಿ. ನೀಲಿ ಬೇಡವೇ ಬೇಡ, ಕತ್ತಲಲ್ಲಿ ಕಣ್ಣು ಚುಚ್ಚುತ್ತದೆ. ಉದ್ದ ಕಾಲು ಸಪ್ಲೈ ಕಡೆಗೆ, ಗಿಡ್ಡ ಕಾಲು ಅರ್ತ್ ಕಡೆಗೆ. ತಿರುಗುಮುರುಗಾದರೆ ಉರಿಯುವುದಿಲ್ಲ. ಒಂದಕ್ಕೊಂದು ತಾಗದಂತೆ ಎರಡೂ ಕಾಲಿಗೆ ಸ್ಲೀವ್ (ಪ್ಲಾಸ್ಟಿಕ್ ಕೊಳವೆ) ಹಾಕಿ. ಸೋಲ್ಡರ್ ಐರನ್ನನ್ನು ಪ್ಲಾಸ್ಟಿಕ್ಕಿನ ಹತ್ತಿರ ಜಾಸ್ತಿ ಹೊತ್ತು ಹಿಡಿಯಬೇಡಿ. ಎಲ್‌ಇಡಿ, ರೆಸಿಸ್ಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತವೆ. ಊರಲ್ಲಾದರೆ ಟಿವಿ ರಿಪೇರಿಯವರನ್ನು ಕೇಳಿ.

ಎಲ್‌ಇಡಿ ಹಾಕುವ ಹುರುಪಿನಲ್ಲಿ ಡ್ಯಾಶ್‌ಬೋರ್ಡಿನ ಬ್ಯಾಟರಿ ಚಿಹ್ನೆಯ ಬಲ್ಬನ್ನು ಮಾತ್ರ ಮುಟ್ಟಬೇಡಿ. ಹಳೆ ಗಾಡಿಗಳಲ್ಲಿ ಆಲ್ಟರ್ನೇಟರ್ ಚಾರ್ಜ್ ಶುರುಮಾಡಲು ಬೇಕಾದ ಕರೆಂಟ್ ಆ ಬಲ್ಬಿನ ಮೂಲಕವೇ ಹೋಗುತ್ತದೆ. ಅಲ್ಲಿ ಎಲ್‌ಇಡಿ ಹಾಕಿದರೆ ಬ್ಯಾಟರಿ ಚಾರ್ಜ್ ಆಗದೆ ದಾರಿಯಲ್ಲಿ ನಿಲ್ಲಬೇಕಾದೀತು. ಅದಕ್ಕೆ ಮೊದಲಿದ್ದ ವ್ಯಾಟಿನ ಬಲ್ಬನ್ನೇ ಹಾಕಿ.