ಮಗುವಿನ ವಸಡು ನೋಡುವುದು ಹೇಗೆ?

ಮಕ್ಕಳ ಬಾಯಲ್ಲಿ ಹುಣ್ಣಾದರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗಿದೆ’. ತುಪ್ಪ ಹಚ್ಚುತ್ತೇವೆ, ಎಳನೀರು ಕುಡಿಸುತ್ತೇವೆ. ಹೆಚ್ಚಿನ ಸಲ ನಾಲ್ಕಾರು ದಿನದಲ್ಲಿ ವಾಸಿಯೂ ಆಗುತ್ತದೆ. ವಾಸಿಯಾಗದೆ ಉಳಿಯುವ ಹುಣ್ಣು, ಸುಮ್ ಸುಮ್ನೆ ಒಸರುವ ರಕ್ತ ಹಾಗಲ್ಲ. ಅಪರೂಪಕ್ಕೆ ಅದು ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್‌ನ ಮೊದಲ ಸುಳಿವಾಗಿರಬಹುದು. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಜಾಸ್ತಿ.

ವಾರಕ್ಕೊಮ್ಮೆ ಹಲ್ಲುಜ್ಜಿಸಿದ ಮೇಲೆ ಮಗುವನ್ನು ಕಿಟಕಿಯ ಬೆಳಕಿಗೆ ಕೂರಿಸಿ. ಕೈ ತೊಳೆದು ಮೇಲ್ತುಟಿ ಎತ್ತಿ ನೋಡಿ, ಆಮೇಲೆ ಕೆಳತುಟಿ. ಕೆಲವು ಮಕ್ಕಳ ವಸಡು ಹುಟ್ಟಿನಿಂದಲೇ ಕಪ್ಪಗಿರುತ್ತದೆ, ಹೆದರಬೇಡಿ. ನೋಡಬೇಕಾದ್ದು ಹೊಸ ಬದಲಾವಣೆ: ಬಿಳಿಚಿದೆಯಾ? ಊದಿಕೊಂಡು ಹಲ್ಲಿನ ಮೇಲಕ್ಕೆ ಬಂದಿದೆಯಾ? ಈಗ ಟಾರ್ಚ್ ಹಿಡಿದು ಅಂಗುಳ, ಅಂದರೆ ಬಾಯೊಳಗಿನ ಮೇಲ್ಭಾಗ ನೋಡಿ. ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿದ್ದರೆ ಗಮನಿಸಿ.

ಇದೆಲ್ಲ ಬಾಯಲ್ಲೇ ಯಾಕೆ ಕಾಣುತ್ತದೆ? ಲ್ಯುಕೇಮಿಯಾ ಬಂದಾಗ, ರಕ್ತ ತಯಾರಾಗುವ ಮೂಳೆಯೊಳಗಿನ ಮಜ್ಜೆಯಲ್ಲಿ ಬಲಿಯದ ಬಿಳಿ ಕಣಗಳು ತುಂಬಿಕೊಂಡು, ಒಳ್ಳೆಯ ಕಣಗಳಿಗೆ ಜಾಗವೇ ಇರುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಕಣ, ಅಂದರೆ ಪ್ಲೇಟ್‌ಲೆಟ್ ಇಳಿದರೆ ವಸಡಿನಲ್ಲಿ ರಕ್ತ. ಸೋಂಕು ತಡೆಯುವ ಬಿಳಿ ಕಣ ಇಳಿದರೆ ಹುಣ್ಣು. ಕೆಂಪು ಕಣ ಇಳಿದರೆ ಬಿಳಿಚಿದ ಬಣ್ಣ. ಎಎಂಎಲ್ (ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ) ಎಂಬ ಬಗೆಯಲ್ಲಿ ಕೆಲವೊಮ್ಮೆ ಕ್ಯಾನ್ಸರ್ ಕಣಗಳೇ ವಸಡಿಗೆ ನುಗ್ಗಿ ಅದು ಊದುತ್ತದೆ.

ಹಲ್ಲನ್ನೂ ನೋಡಿ. ಹಾಲುಹಲ್ಲು ಅಲುಗಾಡುವುದು ಸುಮಾರು 6 ವರ್ಷಕ್ಕೆ. ಪೆಟ್ಟು ಬೀಳದೆ 3 ವರ್ಷದ ಮಗುವಿನ ಹಲ್ಲು ಅಲುಗಾಡಿದರೆ, ದವಡೆ ಊದಿದರೆ ಡಾಕ್ಟರಿಗೆ ತೋರಿಸಲೇಬೇಕು.

ಬಾಯಿ ನೋಡಿದ ಮೇಲೆ ಮೈ ನೋಡಿ. ಪೆಟ್ಟಿಲ್ಲದೆ ನೀಲಿ ಕಲೆಗಳು, ಬಿಡದ ಜ್ವರ, ಕುತ್ತಿಗೆಯಲ್ಲಿ ಗಂಟು, ಕಾಲುನೋವೆಂದು ಎತ್ತಿಕೋ ಅಂತ ಹಟ. ಬಾಯಿಯ ಬದಲಾವಣೆಯ ಜೊತೆ ಇವುಗಳಲ್ಲಿ ಒಂದಿದ್ದರೂ ಅಂದೇ ಹೊರಡಿ. ಹುಣ್ಣು ಅಥವಾ ಊತ ಮಾತ್ರ ಇದ್ದರೆ 2 ವಾರಕ್ಕಿಂತ ಹೆಚ್ಚು ಕಾಯಬೇಡಿ.

ಮೊದಲ ಪರೀಕ್ಷೆ ಸರಳ: ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಜೊತೆಗೆ ಪೆರಿಫೆರಲ್ ಸ್ಮಿಯರ್, ಅಂದರೆ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷ ಇರುತ್ತದೆ. ಕಡಿಮೆ ಬಂತೆಂದು ಎದೆ ಒಡೆದುಕೊಳ್ಳಬೇಡಿ, ಡೆಂಗಿಯಲ್ಲೂ ಇಳಿಯುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮಾತ್ರೆಯಿಂದಲೂ ವಸಡು ಊದುತ್ತದೆ. ಆದ್ದರಿಂದ ಮಗು ತಗೊಳ್ಳುವ ಔಷಧಿಗಳನ್ನೆಲ್ಲ ಜೊತೆಗೆ ಒಯ್ಯಿರಿ. ಕ್ಯಾನ್ಸರ್ ಅಂತಲೇ ಆದರೂ ದಾರಿ ಇದೆ: ಒಳ್ಳೆಯ ಚಿಕಿತ್ಸೆ ಸಿಗುವ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ನಮ್ಮಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮಕ್ಕಳಿಗೆ ಚಿಕಿತ್ಸೆ ಇದೆ.

ರಿಪೋರ್ಟ್ ಬರುವವರೆಗೆ ಹಲ್ಲು ಕೀಳಿಸಬೇಡಿ, ರಕ್ತ ನಿಲ್ಲದೆ ಹೋಗಬಹುದು. ಜ್ವರಕ್ಕೆಂದು ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಬ್ರಷ್ ಮೆತ್ತಗಿನದೇ ಇರಲಿ.