ಶ್ಯಾಡೋಗ್ರಾಫ್‌ನಲ್ಲಿ ಬಿಳಿ ಗೆರೆಗಳು ಜೋಡಿಯಾಗಿ ಬರುತ್ತಿದ್ದವು: ನನ್ನ ಅನುಭವ

ಸಿಲಿಕೋನ್ ಎಣ್ಣೆಯ ತೆಳು ಪದರವನ್ನು ಕೆಳಗಿನಿಂದ ಬಿಸಿ ಮಾಡಿ, ಮೇಲಿನಿಂದ ಶ್ಯಾಡೋಗ್ರಾಫ್ ಚಿತ್ರ (ಪದರದಲ್ಲಿ ಬಾಗಿ ಬಂದ ಬೆಳಕು ಪರದೆಯ ಮೇಲೆ ಮೂಡಿಸುವ ನೆರಳು-ಬೆಳಕಿನ ಚಿತ್ರ) ತೆಗೆಯುತ್ತಿದ್ದೆ. ಸಂವಹನದ, ಅಂದರೆ ಬಿಸಿ ಎಣ್ಣೆ ಏರಿ ತಣ್ಣನೆಯದು ಇಳಿಯುವ ಹರಿವಿನ, ಸುರುಳಿಗಳು ಚೆನ್ನಾಗಿಯೇ ಕಂಡವು. ಆದರೆ ಲೆಕ್ಕ ಕೂಡಲಿಲ್ಲ.

ಎರಡು ಗಟ್ಟಿ ತಟ್ಟೆಗಳ ನಡುವೆ ರೇಲೀ ಸಂಖ್ಯೆ (ಬಿಸಿಯಿಂದ ಹುಟ್ಟುವ ಚಲನೆಯ ಒತ್ತಡ, ಅದನ್ನು ತಡೆಯುವ ಅಂಶಗಳಿಗಿಂತ ಎಷ್ಟು ಬಲವಾಗಿದೆ ಎಂಬ ಅಳತೆ) ಸುಮಾರು 1708 ದಾಟಿದಾಗ ಚಲನೆ ಶುರುವಾಗುತ್ತದೆ. ಆಗ ಒಂದು ಸುರುಳಿಯ ಅಗಲ ಹೆಚ್ಚುಕಡಿಮೆ ಪದರದ ಆಳದಷ್ಟೇ. ಪಕ್ಕಪಕ್ಕದ ಸುರುಳಿಗಳು ವಿರುದ್ಧ ದಿಕ್ಕಿಗೆ ತಿರುಗುತ್ತವೆ, ಅಲ್ವಾ? ಹಾಗಾಗಿ ಎರಡು ಸುರುಳಿಗೆ, ಅಂದರೆ ಆಳದ ಎರಡರಷ್ಟು ದೂರಕ್ಕೆ, ಒಂದೇ ಬಿಳಿ ಗೆರೆ ಬರಬೇಕು. ನನಗೆ ಎರಡೆರಡು ಬಂದವು, ಅದೂ ಅಂತರ ಸಮವಿಲ್ಲದೆ.

ಕಾರಣ ಬೆಳಕಿನಲ್ಲಿತ್ತು. ತಣ್ಣನೆಯ ಎಣ್ಣೆಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಜಾಸ್ತಿ. ಅದು ಕೆಳಗಿಳಿಯುವ ಕಡೆ ಉಬ್ಬು ಮಸೂರದಂತೆ ಬೆಳಕನ್ನು ಒಟ್ಟುಗೂಡಿಸುತ್ತದೆ. ಬಿಸಿ ಎಣ್ಣೆ ಏರುವ ಕಡೆ ಬೆಳಕು ಚದುರಿ ಕಪ್ಪಾಗುತ್ತದೆ. ಪರದೆ ಹತ್ತಿರವಿದ್ದರೆ ಇದು ಸರಿ. ಕಿರಣಗಳು ಕೂಡುವ ಜಾಗಕ್ಕಿಂತ ಪರದೆ ಆಚೆ ಇದ್ದರೆ ಅವು ಒಂದನ್ನೊಂದು ದಾಟಿ, ಒಂದೇ ಗೆರೆ ಎರಡಾಗಿ ಒಡೆಯುತ್ತದೆ. ತಾಪದ ವ್ಯತ್ಯಾಸ ಹೆಚ್ಚಿಸಿದರೂ ಹೀಗೇ ಆಗುತ್ತದೆ, ಏಕೆಂದರೆ ಕಿರಣಗಳು ಇನ್ನೂ ಹತ್ತಿರದಲ್ಲೇ ಕೂಡುತ್ತವೆ.

ಪರದೆಯನ್ನು ನಿಧಾನವಾಗಿ ಹತ್ತಿರ ತಂದೆ. ಜೋಡಿ ಗೆರೆಗಳು ಸೇರಿ ಒಂದಾದವು! ನೋಡಲು ನಿಜಕ್ಕೂ ಖುಷಿಯಾಯಿತು. ಸುರುಳಿಗಳ ಜಾಗ ಮಾತ್ರ ಕದಲಲಿಲ್ಲ. ಹಾಗಾಗಿ ಒಡೆದದ್ದು ಬೆಳಕೇ, ಹರಿವಲ್ಲ.

ಬಿಸಿ ಮಾಡುವ ಮೊದಲಿನ ಚಿತ್ರದಿಂದ ಪ್ರತಿ ಚಿತ್ರವನ್ನೂ ಭಾಗಿಸಿದೆ. ಗಾಜಿನ ಕಲೆ, ದೀಪದ ಏರುಪೇರು ಹೋದವು. ಇನ್ನೊಂದು ಮಾತು: ಬಿಳುಪಿನ ಮಟ್ಟ ನೇರವಾಗಿ ತಾಪವನ್ನು ಹೇಳುವುದಿಲ್ಲ. ಸೂಚ್ಯಂಕದ ಎರಡನೇ ಅವಕಲನವನ್ನು, ಅಂದರೆ ಜಾಗದಿಂದ ಜಾಗಕ್ಕೆ ಸೂಚ್ಯಂಕ ಬದಲಾಗುವ ದರವೇ ಎಷ್ಟು ಬದಲಾಗುತ್ತದೆ ಎಂಬುದನ್ನು, ಹೇಳುತ್ತದೆ. ಅದಕ್ಕೇ ಅಂಚುಗಳು ಅಷ್ಟು ಚೂಪಾಗಿ ಕಾಣುವುದು.