ಯಾರು, ಯಾವಾಗ ಎದ್ದು ಹೋದರು

ನಮ್ಮ ಮನೆಯಲ್ಲಿ ಟಿವಿ ಪಕ್ಕದ ಗೂಡಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಮಗಳು ಬಿಟ್ಟಿದ್ದು. ಮೊದಲ ನಾಲ್ಕು ಪುಟ ಮಗ್ಗಿ, ಅಲ್ಲಿಂದ ಮುಂದೆ ನಾವು ಮನೆಯಲ್ಲಿ ನೋಡಿದ ಸಿನಿಮಾಗಳ ಲೆಕ್ಕ. 2020ರ ಲಾಕ್‌ಡೌನ್‌ನಲ್ಲಿ ಶುರುವಾಗಿದ್ದು. ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ, ಆಗ ಬಾಗಿಲು ಮುಚ್ಚಿತ್ತು, ಕೈಗೆ ಬೇರೆ ಕೆಲಸ ಇರಲಿಲ್ಲ, ಅದಕ್ಕೇ ಬರೆಯೋಕೆ ಕೂತೆ. ಈಗ ಅಂಗಡಿಗೆ ಬರುವವರಲ್ಲಿ ನಾಲ್ಕೈದು ಮಂದಿಯಾದರೂ ಆಧಾರ್ ಜೆರಾಕ್ಸ್ ಜೊತೆಗೆ "ಈ ವಾರ ಏನ್ ನೋಡೋಣ್ರಿ" ಅಂತ ಕೇಳುತ್ತಾರೆ.

ಮೊದಮೊದಲು ಸ್ಟಾರ್ ಕೊಡುತ್ತಿದ್ದೆ, ಐದಕ್ಕೆ ಇಷ್ಟು ಅಂತ. ಎರಡು ತಿಂಗಳಾದ ಮೇಲೆ ತಿರುವಿ ನೋಡಿದರೆ ಎಲ್ಲಕ್ಕೂ ಮೂರು, ಇಲ್ಲಾ ಮೂರೂವರೆ. ಟಿಕೆಟ್ ತಗೊಂಡಿಲ್ಲ, ಬಿಸಿಲಲ್ಲಿ ಲೈನ್ ನಿಂತಿಲ್ಲ, ಕೂಲರ್ ಮುಂದೆ ಚಾಪೆ ಹಾಸಿ ಮಲಗಿಕೊಂಡು ನೋಡಿದ ಸಿನಿಮಾವನ್ನ ಬೈಯೋಕೂ ಮನಸ್ಸು ಬರುವುದಿಲ್ಲ, ಹೊಗಳೋಕೂ ಬರುವುದಿಲ್ಲ. ಮನೆಯವರನ್ನು ಕೇಳಿದರೆ "ಚೊಲೋ ಐತಿ" ಅನ್ನುತ್ತಿದ್ದರು. ಬೀಗರ ಮನೆಯಲ್ಲಿ ಸಾರು ಹೆಂಗೈತಿ ಅಂತ ಕೇಳಿದರೂ ಅದೇ ಮಾತು ಅಲ್ವಾ?

ಆಮೇಲೆ ಕೇಳುವುದನ್ನೇ ಬಿಟ್ಟೆ. ಯಾರು ಯಾವಾಗ ಎದ್ದು ಹೋದರು ಅಂತ ಮಾತ್ರ ಬರೆಯತೊಡಗಿದೆ. ನೀರು ಕುಡಿಯೋಕೆ ಎದ್ದಿದ್ದು ಲೆಕ್ಕಕ್ಕಿಲ್ಲ, ಕುಕ್ಕರ್ ಸೀಟಿ ಲೆಕ್ಕಕ್ಕಿಲ್ಲ. ಅವರು ವಾಪಸ್ ಬಂದು ಕೂತ ಮೇಲೆ ಏನು ಮಾಡುತ್ತಾರೆ ಅನ್ನುವುದೇ ಮುಖ್ಯ. ಬಂದ ತಕ್ಷಣ "ಏನಾತು? ಸಿಕ್ಕನಾ ಅವ?" ಅಂತ ಕೇಳಿದರೆ ಸಿನಿಮಾ ಹಿಡಿದಿದೆ ಅಂತ ಅರ್ಥ. ಬಂದು ಸುಮ್ನೆ ಕೂತು ಮೊಬೈಲ್ ತೆಗೆದರೆ, ಆ ಸಿನಿಮಾ ಅಲ್ಲಿಗೆ ಮುಗಿಯಿತು, ಇನ್ನೂ ಒಂದು ತಾಸು ಓಡಿದರೂ ಅಷ್ಟೇ. ಈ ಒಂದು ಗುರುತು ನನಗೆ ಸ್ಟಾರ್‌ಗಿಂತ ಜಾಸ್ತಿ ಕೆಲಸಕ್ಕೆ ಬಂದಿದೆ. ಕೇಳಿದ್ದಕ್ಕೆ ಟಿಕ್, ಕೇಳದಿದ್ದರೆ ಸೊನ್ನೆ. ಕರೆಂಟ್ ಹೋಗಿದ್ದನ್ನೂ ಬರೆಯುತ್ತೇನೆ. ಬೇಸಿಗೆಯಲ್ಲಿ ನಡುವೆ ಕರೆಂಟ್ ಹೋಗಿ ಎಲ್ಲರೂ ಮಾಳಿಗೆ ಮೇಲೆ ಹೋಗಿ ಕೂತು, ವಾಪಸ್ ಬಂದ ಮೇಲೆ ಉಳಿದದ್ದನ್ನು ನೋಡೋಣ ಅಂತ ಯಾರೂ ಅನ್ನದೇ ಮಲಗಿಬಿಟ್ಟರೆ, ಅದಕ್ಕಿಂತ ದೊಡ್ಡ ಸೊನ್ನೆ ಇಲ್ಲ.

ಮಗ್ಗಿ ಮುಗಿದ ಮೇಲಿನ ಮೊದಲ ಪುಟದಲ್ಲೇ ರಾಮಾನಂದ ಸಾಗರ್ ಅವರ ರಾಮಾಯಣ ಇದೆ. 1987ರಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದದ್ದು, 2020ರ ಮಾರ್ಚ್ 28ರಿಂದ ದೂರದರ್ಶನ ಮತ್ತೆ ಹಾಕಿತು, ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ. ಹಿಂದಿ ಅರ್ಧ ಅರ್ಥವಾಗದಿದ್ದರೂ ಅವ್ವ ಕದಲುತ್ತಿರಲಿಲ್ಲ. ಆದರೆ ಕಿಷ್ಕಿಂಧೆ ಬಂದ ದಿನ ಸಿಟ್ಟಾದಳು. "ಇದೆಂಥಾ ಕಿಷ್ಕಿಂದಾಲೇ ತಮ್ಮಾ, ಒಂದು ಬಂಡಿಗಲ್ಲು ಇಲ್ಲ, ಹೊಳಿ ಇಲ್ಲ!" ಕಿಷ್ಕಿಂಧೆ ಅಂತ ಜನ ನಂಬುವ ಆನೆಗೊಂದಿ, ಅಂಜನಾದ್ರಿ ನಮ್ಮ ಮಗ್ಗುಲಲ್ಲೇ ಇವೆ, ಪ್ರತಿ ವರ್ಷ ಬೆಟ್ಟ ಹತ್ತಿ ಬಂದವಳು ಅವಳು, ಅವಳಿಗೆ ಹೆಂಗೆ ಒಪ್ಪಿಗೆಯಾದೀತು. ಅದರ ಶೂಟಿಂಗ್ ಗುಜರಾತಿನ ಉಮರ್ಗಾಂವ್‌ನಲ್ಲಿ ನಡೆದದ್ದು ಅಂತ ಹೇಳಿದೆ. "ಮತ್ತ ಇಲ್ಲಿಗೆ ಬರಾಕ ಏನಾಗಿತ್ತು ಅವರಿಗೆ" ಅಂದಳು. ಬೈದಳು, ಆದರೆ ಎದ್ದು ಹೋಗಲಿಲ್ಲ. ಅದನ್ನು ಹಾಗೇ ಬರೆದಿದ್ದೇನೆ.

ನನ್ನ ಕಡೆಯಿಂದ ದೊಡ್ಡ ತಪ್ಪೂ ಆಗಿದೆ. 2022ರ ಕೊನೆಗೆ ಹೊಸ ಟಿವಿ ತಂದೆವು, 43 ಇಂಚು. ಮೊದಲ ದಿನವೇ ಹೆಂಡತಿ, "ಇದ್ಯಾಕ್ರಿ ಸಿನಿಮಾ ಹಾಕಿದ್ರ ಧಾರಾವಾಹಿ ಕಂಡಂಗ ಕಾಣತೈತಿ" ಅಂದಳು. ನನಗೂ ಹಾಗೇ ಅನಿಸಿತು. ಎಲ್ಲ ನುಣುಪು ನುಣುಪು, ಹೀರೋ ನಡೆದು ಬಂದರೆ ಜಾರಿಕೊಂಡು ಬಂದಂತೆ. ಸಾಲಾಗಿ ಆರು ಸಿನಿಮಾಕ್ಕೆ "ಕ್ಯಾಮೆರಾ ಸರಿ ಇಲ್ಲ, ಅಗ್ಗದ ಕೆಲಸ" ಅಂತ ಬರೆದೆ, ವಾಟ್ಸಾಪ್ ಸ್ಟೇಟಸ್‌ನಲ್ಲೂ ಹಾಕಿದೆ. ಸಂಕ್ರಾಂತಿಗೆ ಬಂದ ಅಕ್ಕನ ಮಗ ಎರಡು ನಿಮಿಷ ನೋಡಿ ನಕ್ಕ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಚಿತ್ರ, ಹೊಸ ಟಿವಿಗಳು ನಡುವೆ ತಾವೇ ಫ್ರೇಮ್ ಹುಟ್ಟಿಸಿ ತುಂಬುತ್ತವೆ, ಕ್ರಿಕೆಟ್‌ಗೆ ಅದು ಚೆನ್ನ, ಸಿನಿಮಾಕ್ಕೆ ಹೀಗಾಗುತ್ತದೆ ಅಂದ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಮೋಷನ್ ಅಂತ ಇರುತ್ತದೆ, ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು. ಅದನ್ನು ಆಫ್ ಮಾಡಿ ಕಾಂತಾರದ ಕಂಬಳದ ಓಟವನ್ನೇ ಮತ್ತೆ ಹಾಕಿದ. ಕೆಸರು ಕೆಸರಿನಂತೆ ಕಂಡಿತು. ಆರೂ ಪುಟಕ್ಕೆ ಅಡ್ಡಗೆರೆ ಹೊಡೆದೆ. ಯಾರದೋ ವರ್ಷಗಟ್ಟಲೆ ಕೆಲಸವನ್ನು ನನ್ನ ರಿಮೋಟ್ ತಪ್ಪಿಗೆ ಬೈದಿದ್ದೆ.

ಸೌಂಡಿನದೂ ಇಂಥದೇ ಕತೆ. ಮಾತು ಕೇಳಿಸುವುದಿಲ್ಲ ಅಂತ ಸೌಂಡ್ ಏರಿಸಿದರೆ ಹಾಡು, ಹೊಡೆದಾಟ ಬಂದಾಗ ಗೋಡೆ ಅದುರುತ್ತಿತ್ತು. ಮೇಲೆ ಕೂಲರ್ ಬೇರೆ, ಏಪ್ರಿಲ್‌ನಲ್ಲಿ ಅದು ಬಂದ್ ಮಾಡಿದರೆ ಸಿನಿಮಾ ಅಲ್ಲ, ಮನೆಯವರೇ ಎದ್ದು ಹೋಗುತ್ತಾರೆ. ಥಿಯೇಟರ್ ಲೆಕ್ಕದ 5.1 ಸೌಂಡಿನಲ್ಲಿ, ಅಂದರೆ ಐದು ಸ್ಪೀಕರ್, ಮೇಲೊಂದು ಬಾಸ್‌ನದು ಇರುವುದರಲ್ಲಿ, ಮಾತು ಹೆಚ್ಚಾಗಿ ನಡುವಿನ ಸ್ಪೀಕರ್‌ಗೆ ಇರುತ್ತದೆ, ನಮ್ಮ ಟಿವಿಯಲ್ಲಿ ಇರೋದೇ ಎರಡು ಸ್ಪೀಕರ್. ಆ್ಯಪ್‌ನಲ್ಲಿ ಆಡಿಯೋ ಆಯ್ಕೆ ಮಾಡುವ ಕಡೆ 5.1 ಇಲ್ಲದ, ಬರೀ ಸ್ಟೀರಿಯೋ (ಎರಡು ಸ್ಪೀಕರ್ ಲೆಕ್ಕದ್ದು) ಇದ್ದರೆ ಅದನ್ನು ಒತ್ತಿ. ಟಿವಿಯಲ್ಲಿ ಮಾತು ಎತ್ತಿ ಕೊಡುವ ವಾಯ್ಸ್ ಮೋಡ್ ಇದ್ದರೆ ಅದನ್ನೂ ಹಾಕಿ. ನಮ್ಮಲ್ಲಿ ಅಷ್ಟಕ್ಕೇ ಅರ್ಧ ಸರಿಹೋಯಿತು. ಉಳಿದರ್ಧ ಕೂಲರ್‌ನದು, ಅದಕ್ಕೆ ಔಷಧ ಇಲ್ಲ.

ಭಾಷೆಯದು ನಮ್ಮ ಕಡೆ ಬೇರೆಯೇ ಪುರಾಣ. ಸುತ್ತ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು, ತೆಲುಗು ಕಿವಿಗೆ ಬಿದ್ದೇ ಇರುತ್ತದೆ. ಹೆಂಡತಿ ಸಿಂಧನೂರು ಕಡೆಯವಳು, ಅವಳಿಗೆ ತೆಲುಗು ಸಿನಿಮಾಕ್ಕೆ ಸಬ್‌ಟೈಟಲ್ ಬೇಡ. 2014ರಲ್ಲಿ ಒಂದೇ ಕತೆ ಎರಡೂ ಭಾಷೆಯಲ್ಲಿ ಬಂತು, ಕನ್ನಡದ ದೃಶ್ಯದಲ್ಲಿ ರವಿಚಂದ್ರನ್, ತೆಲುಗಿನದರಲ್ಲಿ ವೆಂಕಟೇಶ್. ನಾನು ನೋಡಿದ್ದು ಕನ್ನಡದ್ದು, ಅವಳು ನೋಡಿದ್ದು ತೆಲುಗಿನದು. ಇವತ್ತಿಗೂ ಇಬ್ಬರಿಗೂ ಜಗಳ, ನಮ್ಮದೇ ಅಸಲಿ ಅಂತ. ಮೂಲ 2013ರ ಮಲಯಾಳಂನದು, ಮೋಹನ್‌ಲಾಲ್ ಇರುವುದು. ಅದನ್ನು ಇಬ್ಬರೂ ಕೂತು ನೋಡಿದೆವು. ಇಬ್ಬರಿಗೂ ಅದು ನಕಲಿನಂತೆ ಕಂಡಿತು! ಅಂದಿನಿಂದ ರೀಮೇಕ್ ಬಗ್ಗೆ ಬರೆಯುವಾಗ ಯಾವುದನ್ನು ಮೊದಲು ನೋಡಿದೆ ಅಂತ ಮೇಲೇ ಬರೆದುಬಿಡುತ್ತೇನೆ.

ಎಲ್ಲರೂ ಕದಲದೆ ಕೂತ ಸಿನಿಮಾ ಯಾವುದು ಅಂತ ಕೇಳಿದರೆ ತಿಥಿ ಅನ್ನುತ್ತೇನೆ. ನನಗೇ ನಂಬಿಕೆ ಇರಲಿಲ್ಲ. ಹೀರೋ ಇಲ್ಲ, ಫೈಟ್ ಇಲ್ಲ, ಮಂಡ್ಯ ಕಡೆಯ ಹಳ್ಳಿಯವರೇ ಪಾತ್ರ ಮಾಡಿದ್ದಾರೆ, ಅವರ ಮಾತೂ ನಮಗೆ ದೂರ. ಅವ್ವ ಹತ್ತು ನಿಮಿಷಕ್ಕೆ ಮಲಗುತ್ತಾಳೆ ಅಂದುಕೊಂಡಿದ್ದೆ. ಅದರೊಳಗಿನ ಮುದುಕ ಗಡ್ಡಪ್ಪ ಯಾರ ಮಾತೂ ಕೇಳದೆ ಸುಮ್ನೆ ನಡೆದು ಹೋಗುವುದನ್ನು ನೋಡಿ ದಿಂಬು ಬಿಟ್ಟು ಎದ್ದು ಕೂತಳು. "ಥೇಟ್ ನಿಮ್ಮ ಕಾಕಾ" ಅಂದಳು. ನಡುವೆ ಬಾಗಿಲಿಗೆ ಯಾರೋ ಬಂದರು, ಹೋಗಿ ಬಂದವಳು "ಎಲ್ಲಿ ಹೋದ ಮುದುಕ?" ಅಂತ ಕೇಳಿದಳು. ಟಿಕ್.

ನೋಟ್‌ಬುಕ್ಕಿಗೆ ಇತ್ತೀಚೆಗೆ ಇನ್ನೊಂದು ಕಾಲಂ ಸೇರಿದೆ: ಮರುದಿನ ಯಾರಿಗಾದರೂ ಕತೆ ಹೇಳಿದರಾ? ಇದರಲ್ಲಿ ಅವ್ವನದೇ ಎತ್ತಿದ ಕೈ. ಹೋದ ತಿಂಗಳು ಒಂದು ಕೊಲೆ ಕತೆ ಹಾಕಿದ್ದೆವು, ಅರ್ಧಕ್ಕೇ ಗೊರಕೆ ಹೊಡೆದಳು. ಬೆಳಿಗ್ಗೆ ನೋಡಿದರೆ ಅವರೇಕಾಯಿ ಬಿಡಿಸುತ್ತಾ ಪಕ್ಕದ ಮನೆಯ ಹುಡುಗಿಗೆ ಅದೇ ಕತೆ ಹೇಳುತ್ತಿದ್ದಾಳೆ, ಕೊನೆಯವರೆಗೂ, ಕೊಂದವನು ಅತ್ತು ಹೊಳೆಗೆ ಹಾರುವವರೆಗೂ. ಸಿನಿಮಾದಲ್ಲಿ ಹೊಳೆಯೇ ಇಲ್ಲ. ಎರಡು ದಿನ ಬಿಟ್ಟು ಆ ಹುಡುಗಿ ಸಿನಿಮಾ ನೋಡಿ ಬಂದಳು, "ದೊಡ್ಡವ್ವ, ನೀ ಹೇಳಿದ್ದು ಎಲ್ಲಿ ಬಂತು?" ಅಂತ ಬಾಗಿಲಲ್ಲೇ ನಿಂತಳು. ಅವ್ವ ಅವರೇಕಾಯಿ ಬುಟ್ಟಿಯಿಂದ ತಲೆ ಎತ್ತದೆ, "ನಿಮ್ಮ ಟಿವ್ಯಾಗ ಕಟ್ ಮಾಡ್ಯಾರೇನೋ, ಮೆಕ್ಯಾನಿಕ್ಕಗ ತೋರಸು" ಅಂದಳು.